ಸೋತವರಿಗೆ ಮಾತ್ರ ವಿಚಾರಣೆ

2020ರ ನವೆಂಬರ್ 28 ಮತ್ತು 29ರಂದು, ಇಥಿಯೋಪಿಯಾದ ಉತ್ತರದ ಟಿಗ್ರೇ ಪ್ರಾಂತದ ಅಕ್ಸುಮ್ ಪಟ್ಟಣದಲ್ಲಿ ಎರಿಟ್ರಿಯಾದ ಸೈನಿಕರು ಮನೆಮನೆಗೆ ನುಗ್ಗಿ ಗಂಡಸರನ್ನೂ ಹದಿಹರೆಯದ ಹುಡುಗರನ್ನೂ ಗುಂಡಿಟ್ಟು ಕೊಂದರು. ಸತ್ತವರು ನೂರಾರು ಮಂದಿ. ಅಕ್ಸುಮ್ ಇಥಿಯೋಪಿಯಾದ ಕ್ರೈಸ್ತರಿಗೆ ಪರಮ ಪವಿತ್ರವಾದ ಊರು. ಮೋಶೆಯ ಆಜ್ಞಾಶಾಸನಗಳ ಪೆಟ್ಟಿಗೆ ಅಲ್ಲಿನ ಮೇರಿಯಮ್ಮನ ಇಗರ್ಜಿಯಲ್ಲಿದೆ ಎಂಬುದು ಅವರ ನಂಬಿಕೆ, ನವೆಂಬರ್ 30 ಆ ಇಗರ್ಜಿಯ ವಾರ್ಷಿಕ ಹಬ್ಬ. ಆ ವರ್ಷ ಹಬ್ಬದ ಹೊತ್ತಿಗೆ ಊರಿನವರು ಬೀದಿಯಲ್ಲಿ ಬಿದ್ದಿದ್ದ ಹೆಣಗಳನ್ನು ಕುದುರೆಗಾಡಿಗಳಲ್ಲಿ ಹೇರಿಕೊಂಡು ಹೋಗಿ ಇಗರ್ಜಿಗಳ ಆವರಣದಲ್ಲಿ ಒಟ್ಟೊಟ್ಟಾಗಿ ಹೂಳುತ್ತಿದ್ದರು. ಅದೇ ನವೆಂಬರ್ 30ರಂದು ರಾಜಧಾನಿ ಅಡಿಸ್ ಅಬಾಬಾದ ಸಂಸತ್ತಿನಲ್ಲಿ ಪ್ರಧಾನಿ ಅಬಿಯ್ ಅಹ್ಮದ್, ತಮ್ಮ ಸೇನೆ ಟಿಗ್ರೇಯ ಕಾರ್ಯಾಚರಣೆಯಲ್ಲಿ ಒಬ್ಬನೇ ಒಬ್ಬ ನಾಗರಿಕನನ್ನೂ ಕೊಂದಿಲ್ಲವೆಂದು ಹೇಳಿದರು. ಅದಕ್ಕೆ ಒಂದು ವರ್ಷ ಹಿಂದೆ, ಎರಿಟ್ರಿಯಾದ ಜೊತೆ ರಾಜಿ ಮಾಡಿಕೊಂಡದ್ದಕ್ಕಾಗಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದಿತ್ತು. ಎರಿಟ್ರಿಯಾದ ಸೇನೆ ಟಿಗ್ರೇಯೊಳಗಿದೆ ಎಂಬುದನ್ನು ಅವರು ಒಪ್ಪಿಕೊಳ್ಳಲು 2021ರ ಮಾರ್ಚ್ ಬರಬೇಕಾಯಿತು.

ಎರಡು ವರ್ಷ ನಡೆದ ಟಿಗ್ರೇ ಯುದ್ಧದಲ್ಲಿ ಎಷ್ಟು ಜನ ಸತ್ತರೆಂದು ಲೆಕ್ಕವಿಟ್ಟವರಿಲ್ಲ. ಆಫ್ರಿಕನ್ ಒಕ್ಕೂಟದ ಪರವಾಗಿ ಸಂಧಾನ ನಡೆಸಿದ ನೈಜೀರಿಯಾದ ಮಾಜಿ ಅಧ್ಯಕ್ಷ ಒಲುಸೆಗುನ್ ಒಬಸಾಂಜೊ ಅವರೇ ಆರು ಲಕ್ಷದವರೆಗಿನ ಅಂದಾಜು ಕೊಟ್ಟಿದ್ದಾರೆ. 2022ರ ನವೆಂಬರ್ 2ರಂದು ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಇಥಿಯೋಪಿಯಾ ಸರ್ಕಾರ ಮತ್ತು ಟಿಗ್ರೇ ಜನ ವಿಮೋಚನಾ ರಂಗ (ಟಿಪಿಎಲ್‌ಎಫ್) ಒಪ್ಪಂದಕ್ಕೆ ಸಹಿ ಹಾಕಿದವು. ಅಲ್ಲಿಂದೀಚೆಗೆ ಈ ಶಾಂತಿಯನ್ನು ಕುರಿತು ಬರೆಯುವವರೆಲ್ಲ ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: ಇದು ನಾಜೂಕಾದ ಶಾಂತಿ, ಯುದ್ಧಾಪರಾಧದ ವಿಚಾರಣೆ ಎಂದು ಈಗಲೇ ಕೆದಕಿದರೆ ಒಡೆದುಹೋದೀತು. ಇಥಿಯೋಪಿಯಾದ ಕಳೆದ ತೊಂಬತ್ತು ವರ್ಷಗಳ ಚರಿತ್ರೆ ಇದಕ್ಕೆ ತದ್ವಿರುದ್ಧವಾದುದನ್ನು ಹೇಳುತ್ತದೆ. ಅಲ್ಲಿ ನಾಲ್ಕು ಸಲ ದೊಡ್ಡ ಯುದ್ಧಗಳು ನಿಂತಿವೆ. ಒಂದೇ ಒಂದು ಸಲ ಅಪರಾಧಿಗಳ ವಿಚಾರಣೆಯಾಗಿದೆ, ಅದೂ ಎದುರಾಳಿ ಸಂಪೂರ್ಣವಾಗಿ ನೆಲಕಚ್ಚಿದ್ದಾಗ. ಹೊಣೆಗಾರಿಕೆ ಎನ್ನುವುದು ಗೆದ್ದವನು ಸೋತವನಿಗೆ ವಿಧಿಸುವ ದಂಡವಾಗಿ ಮಾತ್ರ ಉಳಿದದ್ದರಿಂದಲೇ ಆಫ್ರಿಕಾದ ಕೊಂಬಿನ ಈ ದೊಡ್ಡ ದೇಶದಲ್ಲಿ ಪ್ರತಿಯೊಂದು ಶಾಂತಿಯೂ ಮುಂದಿನ ಯುದ್ಧದವರೆಗಿನ ಬಿಡುವಾಯಿತು ಎಂಬುದು ನನ್ನ ವಾದ.

ಮೊದಲ ಪ್ರಕರಣದಲ್ಲಿ ಅಪರಾಧಿ ಯುರೋಪಿನವನು. 1935ರ ಅಕ್ಟೋಬರಿನಲ್ಲಿ ದಂಡೆತ್ತಿ ಬಂದ ಮುಸೊಲಿನಿಯ ಇಟಲಿ ಹಳ್ಳಿಗಳ ಮೇಲೆ ವಿಮಾನದಿಂದ ಮಸ್ಟರ್ಡ್ ಅನಿಲ ಸುರಿಯಿತು. ಅಂಥ ಅನಿಲವನ್ನು ನಿಷೇಧಿಸಿದ 1925ರ ಜಿನೀವಾ ಶಿಷ್ಟಾಚಾರಕ್ಕೆ ಇಟಲಿಯೂ ಬದ್ಧವಾಗಿತ್ತು. 1937ರ ಫೆಬ್ರವರಿ 19ರಂದು ಅಡಿಸ್ ಅಬಾಬಾದಲ್ಲಿ ವೈಸ್‌ರಾಯ್ ರೊಡೊಲ್ಫೊ ಗ್ರಾಜಿಯಾನಿಯ ಮೇಲೆ ಕೈಬಾಂಬ್ ಬಿದ್ದ ಸೇಡಿಗೆ ಮೂರು ದಿನ ನಗರವನ್ನು ಕೊಲೆಗಾರರ ಕೈಗೆ ಬಿಡಲಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಡೆಬ್ರೆ ಲಿಬಾನೋಸ್ ಮಠದ ಸನ್ಯಾಸಿಗಳನ್ನು ಸಾಲಾಗಿ ನಿಲ್ಲಿಸಿ ಕೊಂದರು. 1941ರಲ್ಲಿ ಇಥಿಯೋಪಿಯಾದ ದೇಶಭಕ್ತ ಪಡೆಗಳೂ ಬ್ರಿಟಿಷ್ ಸೈನ್ಯವೂ ಇಟಲಿಯನ್ನು ಹೊರದೂಡಿದವು. ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ ಆ ಯುದ್ಧದ ಭಾರವನ್ನು ಬಹುಪಾಲು ಹೊತ್ತವರು ಭಾರತದ 4ನೇ ಮತ್ತು 5ನೇ ಡಿವಿಜನ್‌ಗಳ ಸಿಪಾಯಿಗಳು. ಯುದ್ಧ ಮುಗಿದ ಮೇಲೆ ಇಥಿಯೋಪಿಯಾ ವಿಶ್ವಸಂಸ್ಥೆಯ ಯುದ್ಧಾಪರಾಧ ಆಯೋಗದ ಮುಂದೆ ಹತ್ತು ಹೆಸರುಗಳನ್ನಿಟ್ಟಿತು, ಮೊದಲ ಸಾಲಿನಲ್ಲಿ ಮಾರ್ಷಲ್ ಬಡೋಲ್ಯೊ ಮತ್ತು ಗ್ರಾಜಿಯಾನಿ. ವಿಚಾರಣೆಗೆ ಆಧಾರವಿದೆ ಎಂದು ಆಯೋಗ ಒಪ್ಪಿತು. ಒಬ್ಬನನ್ನೂ ಒಪ್ಪಿಸಲಿಲ್ಲ. ಶೀತಲ ಸಮರ ಶುರುವಾಗಿತ್ತು, ಬ್ರಿಟನ್ನಿಗೆ ಇಟಲಿಯ ಸ್ನೇಹ ಬೇಕಾಗಿತ್ತು. ಬಡೋಲ್ಯೊ 1956ರಲ್ಲಿ ತನ್ನ ಊರಿನಲ್ಲಿ ನೆಮ್ಮದಿಯಾಗಿ ಸತ್ತ. ಗ್ರಾಜಿಯಾನಿಗೆ ಇಟಲಿಯಲ್ಲೇ ಶಿಕ್ಷೆಯಾದದ್ದು ನಾಜಿಗಳ ಜೊತೆ ಕೈಜೋಡಿಸಿದ್ದಕ್ಕೆ, ಇಥಿಯೋಪಿಯನ್ನರನ್ನು ಕೊಂದದ್ದಕ್ಕಲ್ಲ. 2012ರಲ್ಲಿ ಇಟಲಿಯ ಅಫಿಲೆಯಲ್ಲಿ ಅವನಿಗೊಂದು ಸ್ಮಾರಕವೂ ಎದ್ದಿತು. ನರಮೇಧ ತಡೆ ಒಡಂಬಡಿಕೆಯನ್ನು 1949ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ಇಥಿಯೋಪಿಯಾ. ಅಂತರರಾಷ್ಟ್ರೀಯ ಕಾನೂನನ್ನು ನಂಬಿದ ದೇಶಕ್ಕೆ ಆ ಕಾನೂನು ಕಲಿಸಿಕೊಟ್ಟ ಮೊದಲ ಪಾಠ ಇದು.

ಎರಡನೆಯ ಪ್ರಕರಣ ಹೆಚ್ಚು ಸಂಕೀರ್ಣವಾದದ್ದು. ಅಲ್ಲಿ ನಿಜವಾಗಿಯೂ ವಿಚಾರಣೆ ನಡೆಯಿತು. 1974ರ ಸೆಪ್ಟೆಂಬರಿನಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯನ್ನು ಕೆಳಗಿಳಿಸಿದ ಸೇನಾ ಮಂಡಳಿಗೆ ದೆರ್ಗ್ ಎಂದು ಹೆಸರು. 1977ರ ಫೆಬ್ರವರಿಯಲ್ಲಿ ಪ್ರತಿಸ್ಪರ್ಧಿಗಳನ್ನು ಕೊಲ್ಲಿಸಿ ಅದರ ಚುಕ್ಕಾಣಿ ಹಿಡಿದವನು ಮೆಂಗಿಸ್ಟು ಹೈಲೆ ಮರಿಯಮ್. ಅದೇ ವರ್ಷದ ಏಪ್ರಿಲ್‌ನಲ್ಲಿ ಅಡಿಸ್ ಅಬಾಬಾದ ಚೌಕದಲ್ಲಿ ಜನಸ್ತೋಮದ ಮುಂದೆ ಕೆಂಪು ದ್ರವ ತುಂಬಿದ ಬಾಟಲಿಗಳನ್ನು ನೆಲಕ್ಕೆ ಅಪ್ಪಳಿಸಿ, ಶತ್ರುಗಳ ರಕ್ತ ಹೀಗೆ ಹರಿಯಲಿದೆ ಎಂದು ಸಾರಿದ. 'ಕೆಂಪು ಭಯೋತ್ಪಾದನೆ' ಎಂದೇ ಕುಖ್ಯಾತವಾದ ಆ ಕಾರ್ಯಾಚರಣೆ ಹತ್ತಾರು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಹೆಚ್ಚಿನವರು ಎಡಪಂಥೀಯ ವಿದ್ಯಾರ್ಥಿಗಳು, ಶಾಲಾ ಮಕ್ಕಳು. ಮಗನ ಹೆಣ ಕೇಳಲು ಬಂದ ತಾಯಿಯಿಂದ ಅವನನ್ನು ಕೊಂದ ಗುಂಡಿನ ಬೆಲೆ ವಸೂಲಿ ಮಾಡಿದ್ದುಂಟು. 1991ರ ಮೇ 21ರಂದು, ಟಿಪಿಎಲ್‌ಎಫ್ ನೇತೃತ್ವದ ಬಂಡುಕೋರರು ರಾಜಧಾನಿಯನ್ನು ಸಮೀಪಿಸುತ್ತಿದ್ದಂತೆ, ಮೆಂಗಿಸ್ಟು ಜಿಂಬಾಬ್ವೆಗೆ ಪರಾರಿಯಾದ. ಮರುವರ್ಷವೇ ಹೊಸ ಸರ್ಕಾರ ವಿಶೇಷ ಅಭಿಯೋಜಕರ ಕಚೇರಿ ತೆರೆಯಿತು. ದೆರ್ಗ್‌ನವರು ಕೊಲೆಯ ಆದೇಶಗಳಿಗೂ ಸಹಿ ಹಾಕಿ, ಫೈಲು ಮಾಡಿ ಇಟ್ಟಿದ್ದರು. ಅಂಥ ಲಕ್ಷಾಂತರ ಪುಟಗಳು ಸಿಕ್ಕವು, 5,198 ಜನರ ಮೇಲೆ ಆರೋಪ ಹೊರಿಸಲಾಯಿತು. 1994ರ ಡಿಸೆಂಬರಿನಲ್ಲಿ ಶುರುವಾದ ಮುಖ್ಯ ಮೊಕದ್ದಮೆಯ ತೀರ್ಪು ಬಂದದ್ದು ಹನ್ನೆರಡು ವರ್ಷಗಳ ನಂತರ, 2006ರ ಡಿಸೆಂಬರ್ 12ರಂದು. ಮೆಂಗಿಸ್ಟು ನರಮೇಧದ ಅಪರಾಧಿ. ಮೊದಲು ಜೀವಾವಧಿ, 2008ರಲ್ಲಿ ಮೇಲ್ಮನವಿಯ ನಂತರ ಮರಣದಂಡನೆ. ಅವನು ಹರಾರೆಯಲ್ಲೇ ಇದ್ದ. ಸೆರೆಯಲ್ಲಿದ್ದ ಸಹಚರರ ಮರಣದಂಡನೆಯನ್ನು 2011ರಲ್ಲಿ ಜೀವಾವಧಿಗೆ ಇಳಿಸಿ, ಕೆಲವೇ ತಿಂಗಳಲ್ಲಿ ಅವರಲ್ಲಿ ಹಲವರನ್ನು ಬಿಡುಗಡೆ ಮಾಡಲಾಯಿತು.

ಒಂದು ಆಫ್ರಿಕನ್ ದೇಶ ತನ್ನದೇ ನೆಲದಲ್ಲಿ, ತನ್ನದೇ ಕಾನೂನಿನಡಿ, ತನ್ನದೇ ಮಾಜಿ ಆಡಳಿತಗಾರರನ್ನು ನರಮೇಧದ ಆರೋಪದ ಮೇಲೆ ವಿಚಾರಿಸಿದ್ದು ಸಣ್ಣ ಸಾಧನೆಯಲ್ಲ. ಅದನ್ನು ತಳ್ಳಿಹಾಕುವವರ ಜೊತೆ ನನಗೆ ಸಹಮತವಿಲ್ಲ. ಸತ್ತವರ ಎಲುಬುಗಳು ಸಾಮೂಹಿಕ ಗುಂಡಿಗಳಿಂದ ಹೊರಬಂದವು, ಹೆಸರು ಪಡೆದವು, ಗೌರವದಿಂದ ಮಣ್ಣಾದವು. ಆದರೆ ಆ ನ್ಯಾಯಾಲಯದ ಬಾಗಿಲು ಒಂದೇ ದಿಕ್ಕಿಗೆ ತೆರೆದಿತ್ತು. ದೆರ್ಗ್ ವಿರುದ್ಧ ಹೋರಾಡಿದ ಸಂಘಟನೆಗಳೂ ಕೊಲೆ ಮಾಡಿದ್ದವು, ಸೆರೆಯಾಳುಗಳನ್ನು ಹಿಂಸಿಸಿದ್ದವು. ಅವು ಯಾವುವೂ ವಿಶೇಷ ಅಭಿಯೋಜಕರ ವ್ಯಾಪ್ತಿಗೆ ಬರಲಿಲ್ಲ. ಇನ್ನೂ ಗಂಭೀರವಾದದ್ದು ಮೊಕದ್ದಮೆ ನಡೆಯುತ್ತಿದ್ದಾಗಲೇ ನಡೆಯಿತು. 2005ರ ಚುನಾವಣೆಯ ನಂತರ ಜೂನ್ ಮತ್ತು ನವೆಂಬರಿನಲ್ಲಿ ಅಡಿಸ್ ಅಬಾಬಾದ ಬೀದಿಗಳಲ್ಲಿ ಪ್ರತಿಭಟನಕಾರರ ಮೇಲೆ ಸರ್ಕಾರದ ಪಡೆಗಳು ಗುಂಡು ಹಾರಿಸಿದವು. ಸರ್ಕಾರವೇ ನೇಮಿಸಿದ ವಿಚಾರಣಾ ಆಯೋಗ 193 ಪ್ರತಿಭಟನಕಾರರು ಸತ್ತರೆಂದು ಲೆಕ್ಕ ಹಾಕಿತು. ಅತಿಯಾದ ಬಲಪ್ರಯೋಗವಾಗಿದೆ ಎಂಬುದೇ ಆಯೋಗದ ಮೂಲ ನಿರ್ಣಯವೆಂದು ಹೊರಗೆ ಹೇಳಲು ಅದರ ಸದಸ್ಯರೇ ದೇಶ ಬಿಡಬೇಕಾಯಿತು. ಹಳೆಯ ಸರ್ಕಾರ ಮಕ್ಕಳನ್ನು ಕೊಂದದ್ದು ನರಮೇಧವೆಂದು ನ್ಯಾಯಾಲಯ ತೀರ್ಪು ಬರೆಯುತ್ತಿದ್ದ ಅದೇ ಊರಿನಲ್ಲಿ ಹೊಸ ಸರ್ಕಾರ ಕೊಂದ ಮಕ್ಕಳಿಗೆ ಯಾರೂ ಉತ್ತರ ಹೇಳಬೇಕಾಗಿರಲಿಲ್ಲ. ದೇಶದ ಸೈನಿಕರು, ಪೊಲೀಸರು ಇದರಿಂದ ಕಲಿತದ್ದು, ಕೊಲ್ಲುವುದು ಅಪರಾಧ ಎಂದಲ್ಲ. ಅಧಿಕಾರ ಕಳೆದುಕೊಳ್ಳುವುದು ಅಪರಾಧ ಎಂದು. ಕೆಂಪು ಭಯೋತ್ಪಾದನೆಯ ವಿಚಾರಣೆ ನಡೆದರೂ ಹಿಂಸೆ ನಿಲ್ಲಲಿಲ್ಲವಲ್ಲ, ವಿಚಾರಣೆಯಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಇದೇ ನನ್ನ ಉತ್ತರ. ಸೋತ ಕೊಲೆಗಾರ ತಲೆ ತಗ್ಗಿಸಿ ನಿಂತದ್ದನ್ನು ಆ ದೇಶ ನೋಡಿದೆ. ಗೆದ್ದವನು ಹಾಗೆ ನಿಂತದ್ದನ್ನು ಈವರೆಗೆ ನೋಡಿಲ್ಲ.

ಮೂರನೆಯದು 1998ರಿಂದ 2000ದವರೆಗೆ ಬಡ್ಮೆ ಎಂಬ ಬರಡು ಗಡಿಯೂರಿಗಾಗಿ ಎರಿಟ್ರಿಯಾ ಮತ್ತು ಇಥಿಯೋಪಿಯಾ ನಡುವೆ ನಡೆದ ಯುದ್ಧ. ಹತ್ತಾರು ಸಾವಿರ ಸೈನಿಕರು ಕಂದಕಗಳಲ್ಲಿ ಸತ್ತರು. 2000ದ ಡಿಸೆಂಬರ್ 12ರ ಅಲ್ಜಿಯರ್ಸ್ ಒಪ್ಪಂದ ಎರಡು ಆಯೋಗಗಳನ್ನು ರಚಿಸಿತು: ಒಂದು ಗಡಿ ಗುರುತಿಸಲು, ಇನ್ನೊಂದು ನಷ್ಟಪರಿಹಾರ ನಿರ್ಧರಿಸಲು. ಎರಡನೆಯದರ ಕೆಲಸವನ್ನು ಓದಿದಾಗ ಅದರ ಶ್ರದ್ಧೆಗೆ ಮನಸ್ಸು ತುಂಬಿ ಬರುತ್ತದೆ. 1998ರ ಜೂನ್ 5ರಂದು ಎರಿಟ್ರಿಯಾದ ವಿಮಾನಗಳು ಟಿಗ್ರೇಯ ರಾಜಧಾನಿ ಮೆಕೆಲೆಯ ಅಯ್ಡೆರ್ ಬಡಾವಣೆಯ ಮೇಲೆ, ಶಾಲೆಯ ಆಸುಪಾಸಿನಲ್ಲಿ ಕ್ಲಸ್ಟರ್ ಬಾಂಬ್ ಹಾಕಿದ್ದವು. ಮಕ್ಕಳೂ ಸೇರಿ 50ಕ್ಕೂ ಹೆಚ್ಚು ಜನ ಸತ್ತಿದ್ದರು. ವಿಮಾನಗಳು ಹಾರಿದ ಹೊತ್ತು, ಬಾಂಬಿನ ಬಗೆ, ಪೈಲಟ್‌ಗಳ ಅನನುಭವ ಎಲ್ಲವನ್ನೂ ತೂಗಿ ನೋಡಿ, ನಾಗರಿಕರನ್ನು ಉಳಿಸಲು ಸಾಧ್ಯವಿದ್ದ ಎಚ್ಚರವನ್ನು ಎರಿಟ್ರಿಯಾ ವಹಿಸಲಿಲ್ಲವೆಂದು ಆಯೋಗ ತೀರ್ಮಾನಿಸಿತು. ಸೆನಾಫೆಯಲ್ಲಿ ಇಥಿಯೋಪಿಯಾದ ಸೈನಿಕರು, ಇರೋಬ್ ಪ್ರದೇಶದಲ್ಲಿ ಎರಿಟ್ರಿಯಾದ ಸೈನಿಕರು ನಡೆಸಿದ ಅತ್ಯಾಚಾರಗಳಿಗೂ ಆಯಾ ದೇಶವನ್ನು ಹೊಣೆ ಮಾಡಿತು. 2009ರ ಆಗಸ್ಟಿನಲ್ಲಿ ಅಂತಿಮ ಲೆಕ್ಕ ಬಂತು: ಇಥಿಯೋಪಿಯಾಕ್ಕೆ ಸುಮಾರು 17.4 ಕೋಟಿ ಡಾಲರ್, ಎರಿಟ್ರಿಯಾಕ್ಕೆ ಸುಮಾರು 16.3 ಕೋಟಿ. ಯಾರೂ ಯಾರಿಗೂ ಕೊಡಲಿಲ್ಲ. ಬಡ್ಮೆ ಎರಿಟ್ರಿಯಾದ್ದೆಂದು ಗಡಿ ಆಯೋಗ 2002ರಲ್ಲಿ ಹೇಳಿದರೂ ಇಥಿಯೋಪಿಯಾ ಬಿಟ್ಟುಕೊಡಲಿಲ್ಲ. ಇಷ್ಟೆಲ್ಲದರಲ್ಲಿ ಒಬ್ಬ ಸೇನಾಧಿಕಾರಿಯ ಮೇಲೂ ಮೊಕದ್ದಮೆಯಾಗಲಿಲ್ಲ, ಏಕೆಂದರೆ ಆಯೋಗಕ್ಕೆ ಕೊಟ್ಟ ಅಧಿಕಾರ ದೇಶಗಳನ್ನು ಹೊಣೆ ಮಾಡುವಷ್ಟೇ. ಅಪರಾಧವನ್ನು ದೇಶದ ಲೆಕ್ಕಕ್ಕೆ ಬರೆದರೆ ಅದನ್ನು ಮಾಡಿದ ಮನುಷ್ಯ ಬಡ್ತಿ ಪಡೆದು ಮತ್ತೆ ಬರುತ್ತಾನೆ. 2020ರಲ್ಲಿ ಗಡಿ ದಾಟಿ ಟಿಗ್ರೇಗೆ ನುಗ್ಗಿದ್ದು ಹಿಂದಿನ ಯುದ್ಧದ ಯಾವ ಕೃತ್ಯಕ್ಕೂ ಒಬ್ಬನೂ ಉತ್ತರ ಹೇಳಬೇಕಾಗಿ ಬಾರದಿದ್ದ ಅದೇ ಸೇನೆ. ಬಾಂಬ್ ಬಿದ್ದ ಬಡಾವಣೆಯ ಹೆಸರನ್ನೇ ಹೊತ್ತ ಮೆಕೆಲೆಯ ಅಯ್ಡೆರ್ ಆಸ್ಪತ್ರೆ ಟಿಗ್ರೇ ಯುದ್ಧದ ದಿಗ್ಬಂಧನದಲ್ಲಿ ಇನ್ಸುಲಿನ್, ಅರಿವಳಿಕೆ, ಕೈಗವಸುಗಳಿಲ್ಲದೆ ರೋಗಿಗಳನ್ನು ನೋಡಿಕೊಂಡಿತು.

ಟಿಗ್ರೇಯ ಯುದ್ಧದಲ್ಲಿ ಒಂದೇ ಕಡೆಯವರು ದುಷ್ಟರು ಎಂದರೆ ಅದು ಸುಳ್ಳಾಗುತ್ತದೆ. 2020ರ ನವೆಂಬರ್ 3ರ ರಾತ್ರಿ ಟಿಗ್ರೇ ಪಡೆಗಳು ಕೇಂದ್ರ ಸೇನೆಯ ಉತ್ತರ ಕಮಾಂಡಿನ ಮೇಲೆ ದಾಳಿ ಮಾಡಿದವು. ಆರು ದಿನಗಳ ನಂತರ ಮಾಯ್ ಕದ್ರಾ ಪಟ್ಟಣದಲ್ಲಿ ಟಿಗ್ರೇಯ ಯುವಕರ ಗುಂಪು ನೂರಾರು ಜನರನ್ನು, ಹೆಚ್ಚಾಗಿ ಅಮ್ಹಾರ ಜನಾಂಗದವರನ್ನು, ಕೊಚ್ಚಿ ಕೊಂದಿತು. 2021ರಲ್ಲಿ ಅಮ್ಹಾರ ಪ್ರಾಂತಕ್ಕೆ ನುಗ್ಗಿದ ಟಿಗ್ರೇ ಹೋರಾಟಗಾರರು ಚೆನ್ನಾ, ಕೊಬೊಗಳಲ್ಲಿ ಜನರನ್ನು ಕೊಂದರು, ಹೆಂಗಸರ ಮೇಲೆ ಅತ್ಯಾಚಾರ ಮಾಡಿದರು. ಇನ್ನೊಂದು ಬದಿಯಲ್ಲಿ ಸರ್ಕಾರ ಸುಮಾರು ಅರವತ್ತು ಲಕ್ಷ ಜನರ ಪ್ರಾಂತಕ್ಕೆ ಬ್ಯಾಂಕು, ಫೋನು, ವಿದ್ಯುತ್ತು, ಔಷಧ, ಆಹಾರ ಎಲ್ಲವನ್ನೂ ತಡೆಹಿಡಿಯಿತು. ಹಸಿವನ್ನೇ ಆಯುಧವಾಗಿ ಬಳಸಲಾಗಿದೆ ಎಂದು ನಂಬಲು ಆಧಾರವಿದೆಯೆಂದು ವಿಶ್ವಸಂಸ್ಥೆಯ ತಜ್ಞರ ಆಯೋಗ 2022ರ ಸೆಪ್ಟೆಂಬರಿನಲ್ಲಿ ಹೇಳಿತು. ಒಂದು ದಿನಾಂಕವನ್ನು ಮಾತ್ರ ಇಲ್ಲಿ ಹತ್ತಿರದಿಂದ ನೋಡಬೇಕು. 1988ರ ಜೂನ್ 22ರಂದು ದೆರ್ಗ್‌ನ ವಿಮಾನಗಳು ಟಿಗ್ರೇಯ ಹೌಜೆನ್ ಸಂತೆಯ ಮೇಲೆ ಬಾಂಬ್ ಸುರಿದಿದ್ದವು. ಸತ್ತವರು ಸುಮಾರು 2,500 ಎಂಬ ಅಂದಾಜಿದೆ. ಸರಿಯಾಗಿ ಮೂವತ್ಮೂರು ವರ್ಷಗಳ ನಂತರ, 2021ರ ಜೂನ್ 22ರಂದು, ಟಿಗ್ರೇಯದೇ ಟೊಗೊಗಾ ಎಂಬ ಊರಿನ ಸಂತೆಯ ಮೇಲೆ ಇಥಿಯೋಪಿಯಾದ ವಾಯುಪಡೆ ಬಾಂಬ್ ಹಾಕಿತು. ಹತ್ತಾರು ಜನ ಸತ್ತರು. ಗಾಯಾಳುಗಳನ್ನು ತರಲು ಮೆಕೆಲೆಯಿಂದ ಹೊರಟ ಆಂಬುಲೆನ್ಸ್‌ಗಳನ್ನು ಸೈನಿಕರು ದಾರಿಯಲ್ಲೇ ತಡೆದರು. ದಾಳಿಗೆ ಗುರಿಯಾದವರು ಹೋರಾಟಗಾರರೇ ಎಂದು ಸೇನೆ ಹೇಳಿಕೊಂಡಿತು.

ಪ್ರಿಟೋರಿಯಾದಲ್ಲಿ ಪೂರ್ತಿ ಗೆದ್ದವರು ಯಾರೂ ಇರಲಿಲ್ಲ. ಹಾಗಾಗಿ ವಿಚಾರಣೆಗೆ ಒಳಗಾಗುವವರೂ ಯಾರೂ ಇಲ್ಲವಾದರು. ಒಪ್ಪಂದದ 10ನೇ ವಿಧಿಯಲ್ಲಿ ಹೊಣೆಗಾರಿಕೆ, ಸತ್ಯ, ಪರಿಹಾರ, ಸಾಮರಸ್ಯಗಳಿಗಾಗಿ ರಾಷ್ಟ್ರೀಯ ನೀತಿ ರೂಪಿಸುವ ಮಾತೇನೋ ಇದೆ. ಮೊದಲು ಈಡೇರಿದ್ದು ಮಾತ್ರ ನಾಯಕರ ಕೆಲಸ: 2023ರ ಮಾರ್ಚಿನಲ್ಲಿ ಸಂಸತ್ತು ಟಿಪಿಎಲ್‌ಎಫ್ ಅನ್ನು ಭಯೋತ್ಪಾದಕ ಪಟ್ಟಿಯಿಂದ ತೆಗೆಯಿತು, ಅದೇ ತಿಂಗಳು ಅದರ ಮುಖಂಡರ ಮೇಲಿನ ಮೊಕದ್ದಮೆಗಳನ್ನು ಕೈಬಿಡಲಾಯಿತು, ಪಕ್ಷದ ಗೆಟಾಚೆವ್ ರೆಡಾ ಪ್ರಾಂತದ ತಾತ್ಕಾಲಿಕ ಆಡಳಿತದ ಮುಖ್ಯಸ್ಥರಾದರು. ವಿಶ್ವಸಂಸ್ಥೆಯ ತಜ್ಞರ ಆಯೋಗಕ್ಕೆ ಟಿಗ್ರೇಗೆ ಕಾಲಿಡಲೂ ಅನುಮತಿ ಸಿಕ್ಕಿರಲಿಲ್ಲ. 2023ರ ಅಕ್ಟೋಬರಿನಲ್ಲಿ ಅದರ ಅವಧಿ ವಿಸ್ತರಿಸುವ ನಿರ್ಣಯವನ್ನು ಮಂಡಿಸಲು ಯಾವ ದೇಶವೂ ಮುಂದೆ ಬರದೆ ಅದು ಮುಚ್ಚಿಹೋಯಿತು. ಆಫ್ರಿಕನ್ ಮಾನವ ಹಕ್ಕು ಆಯೋಗದ ತನಿಖೆ ಅದಕ್ಕೂ ಮೊದಲೇ ಸದ್ದಿಲ್ಲದೆ ನಿಂತಿತ್ತು. 2024ರ ಏಪ್ರಿಲ್‌ನಲ್ಲಿ ಸರ್ಕಾರ ಸಂಕ್ರಮಣ ನ್ಯಾಯದ ನೀತಿಯನ್ನು ಅಂಗೀಕರಿಸಿತು. ವಿಶೇಷ ನ್ಯಾಯಾಲಯ, ವಿಶೇಷ ಅಭಿಯೋಜಕ, ಸತ್ಯ ಆಯೋಗ, ಎಲ್ಲವೂ ಅದರಲ್ಲಿವೆ. ಆರೋಪಿತ ಸೇನೆಯ ದಂಡನಾಯಕರು ಯಾರ ಕೈಕೆಳಗಿದ್ದಾರೋ ಅವರೇ ಆ ನ್ಯಾಯಾಲಯವನ್ನೂ ಕಟ್ಟಬೇಕು. ಎರಿಟ್ರಿಯಾವಂತೂ ಪ್ರಿಟೋರಿಯಾದಲ್ಲಿ ಸಹಿಯನ್ನೇ ಹಾಕಿಲ್ಲ, ಅದರ ಅಧಿಕಾರಿಗಳನ್ನು ಯಾವ ದೇಶೀಯ ನ್ಯಾಯಾಲಯವೂ ಕರೆಸಲಾರದು.

ಇದರ ಪರಿಣಾಮ ಕಾಣಬೇಕಿದ್ದರೆ ಪಶ್ಚಿಮ ಟಿಗ್ರೇಯ ಕಡೆ ನೋಡಬೇಕು. 2020ರಲ್ಲಿ ಅಮ್ಹಾರ ಪಡೆಗಳು ಆ ಫಲವತ್ತಾದ ಜಿಲ್ಲೆಗಳನ್ನು ಹಿಡಿದು ಲಕ್ಷಾಂತರ ಟಿಗ್ರೇಯನ್ನರನ್ನು ಹೊರಗಟ್ಟಿದವು. ಅದನ್ನು ಜನಾಂಗೀಯ ಶುದ್ಧೀಕರಣವೆಂದು ಅಮೆರಿಕದ ವಿದೇಶಾಂಗ ಸಚಿವರು 2023ರ ಮಾರ್ಚಿನಲ್ಲಿ ಅಧಿಕೃತವಾಗಿ ಕರೆದರು. ಹೊರಹಾಕಲ್ಪಟ್ಟವರು ಮರಳಬೇಕೆಂದು ಎಲ್ಲರೂ ಹೇಳುತ್ತಾರೆ. ಆದರೆ ಅವರನ್ನು ಹೊರಗಟ್ಟಿದ ಆಡಳಿತವೇ ಅಲ್ಲಿ ಕೂತಿರುವಾಗ, ತನ್ನ ಗಂಡನನ್ನು ಎಳೆದೊಯ್ದವನ ಕಚೇರಿಗೇ ಹೋಗಿ ಪಡಿತರ ಚೀಟಿ ಕೇಳಲು ಯಾವ ಹೆಂಗಸು ಹಿಂದಿರುಗಿಯಾಳು? ಮೆಕೆಲೆ, ಶಿರೆಗಳ ಶಾಲಾ ಕಟ್ಟಡಗಳಲ್ಲಿ ಜನ ವರ್ಷಗಟ್ಟಲೆ ಉಳಿದದ್ದಕ್ಕೆ ಇದೇ ಕಾರಣ, ಟಿಗ್ರೇಯ ಯುವಕರು ಬಂದೂಕು ಬಿಡಲು ಒಲ್ಲೆ ಎನ್ನುವುದಕ್ಕೂ ಇದೇ. ಹೊಣೆಗಾರಿಕೆ ಇಲ್ಲಿ ಗತಕಾಲದ ಲೆಕ್ಕ ಚುಕ್ತಾ ಮಾಡುವ ಪ್ರಶ್ನೆಯಲ್ಲ. ನಾಳೆ ಯಾರು ಯಾವ ಮನೆಯಲ್ಲಿ ಮಲಗಬಲ್ಲರು ಎಂಬ ಪ್ರಶ್ನೆ. ಅತ್ತ ಅಮ್ಹಾರದಲ್ಲಿ, ಯುದ್ಧದಲ್ಲಿ ಸರ್ಕಾರದ ಜೊತೆಗಿದ್ದ ಫಾನೊ ಸಶಸ್ತ್ರ ಗುಂಪುಗಳು 2023ರಲ್ಲಿ ಅದರ ವಿರುದ್ಧವೇ ತಿರುಗಿಬಿದ್ದವು. 2024ರ ಜನವರಿಯಲ್ಲಿ ಮೆರಾವಿ ಪಟ್ಟಣದಲ್ಲಿ ಸರ್ಕಾರಿ ಪಡೆಗಳು ಕನಿಷ್ಠ 45 ನಾಗರಿಕರನ್ನು ಕೊಂದವೆಂದು ದೇಶದ ಮಾನವ ಹಕ್ಕು ಆಯೋಗವೇ ಖಚಿತಪಡಿಸಿತು. ಮನೆಮನೆ ಹುಡುಕಿ ಗಂಡಸರನ್ನು ಹೊರಗೆಳೆಯುವ ಅದೇ ಕ್ರಮ. ಟಿಗ್ರೇಯಲ್ಲಿ ಅದಕ್ಕೆ ಬೆಲೆ ತೆತ್ತವರಿಲ್ಲದಿದ್ದಾಗ ಅಮ್ಹಾರದಲ್ಲಿ ಅದನ್ನು ಮಾಡಲು ಹಿಂಜರಿಯುವವರಾರು?

ನನ್ನ ವಾದಕ್ಕೆ ಎದುರಾಗುವ ಅತಿ ಬಲವಾದ ಆಕ್ಷೇಪ, ಜೈಲಿನ ಭಯವಿದ್ದರೆ ಯಾವ ನಾಯಕನೂ ಸಂಧಾನದ ಮೇಜಿಗೆ ಬರುವುದಿಲ್ಲ ಎಂಬುದು. ಇದರಲ್ಲಿ ಸತ್ಯವಿದೆ. ಪ್ರಿಟೋರಿಯಾದ ಒಪ್ಪಂದ ದಿನಕ್ಕೆ ನೂರಾರು ಸಾವುಗಳನ್ನು ತಡೆಯಿತು, ಅದನ್ನು ಹಗುರಾಗಿ ನೋಡುವ ಹಕ್ಕು ದೂರದಲ್ಲಿ ಕುಳಿತ ಯಾರಿಗೂ ಇಲ್ಲ. ಆದರೆ ಹೊಣೆಗಾರಿಕೆಯ ವಿಧಿಯನ್ನು ಓದಿಯೇ ಎರಡೂ ಕಡೆಯವರು ಅಲ್ಲಿ ಸಹಿ ಹಾಕಿದರು, ಅದರಿಂದ ಶಾಂತಿ ಮುರಿಯಲಿಲ್ಲ. ಮೊದಲ ಮೂರು ವರ್ಷಗಳಲ್ಲಿ ಆ ಶಾಂತಿಯನ್ನು ಅಲ್ಲಾಡಿಸಿದ್ದು ಕೈಗೆತ್ತಿಕೊಂಡ ಮೊಕದ್ದಮೆ ಯಾವುದೂ ಅಲ್ಲ. ಮರಳಲಾಗದ ನಿರಾಶ್ರಿತರು, ಜಾಗ ಬಿಡದ ಸೇನೆಗಳು, 2025ರ ಮಾರ್ಚಿನಲ್ಲಿ ಗೆಟಾಚೆವ್ ಅವರನ್ನು ಮೆಕೆಲೆಯಿಂದ ಹೊರಹಾಕಿದ ಪಕ್ಷದೊಳಗಿನ ಕಿತ್ತಾಟ, ಕೆಂಪು ಸಮುದ್ರದ ಬಂದರಿಗಾಗಿ ಅಡಿಸ್ ಅಬಾಬಾ ಮತ್ತು ಎರಿಟ್ರಿಯಾದ ರಾಜಧಾನಿ ಅಸ್ಮಾರಾ ನಡುವೆ ಬೆಳೆದ ಹಗೆ, ಇವೇ ಅದನ್ನು ಅಲ್ಲಾಡಿಸಿದವು. ಪೂರ್ತಿ ಕ್ಷಮೆ ಕೊಟ್ಟು ನೋಡಿದ ಉದಾಹರಣೆಯೂ ಆಫ್ರಿಕಾದಲ್ಲಿದೆ. 1999ರ ಲೋಮೆ ಒಪ್ಪಂದ ಸಿಯೆರಾ ಲಿಯೋನ್‌ನ ಬಂಡುಕೋರ ನಾಯಕ ಫೋಡೆ ಸಂಕೋಗೆ ಕ್ಷಮಾದಾನದ ಜೊತೆ ಉಪಾಧ್ಯಕ್ಷನ ಸ್ಥಾನಮಾನವನ್ನೂ ಕೊಟ್ಟಿತು. ವರ್ಷ ತುಂಬುವ ಮೊದಲೇ ಅವನ ಜನ ಮತ್ತೆ ಬಂದೂಕು ಎತ್ತಿದರು. ಇದಕ್ಕೆ ವಿರುದ್ಧವಾಗಿ, ಲೈಬೀರಿಯಾದ ಅಧ್ಯಕ್ಷ ಚಾರ್ಲ್ಸ್ ಟೇಲರ್ 2003ರ ಜೂನ್‌ನಲ್ಲಿ ಸಂಧಾನಕ್ಕಾಗಿ ಘಾನಾಕ್ಕೆ ಹೋಗಿದ್ದಾಗಲೇ ಅವನ ಮೇಲಿನ ಯುದ್ಧಾಪರಾಧದ ಆರೋಪಪಟ್ಟಿ ಬಹಿರಂಗವಾಯಿತು. ಎರಡೇ ತಿಂಗಳಲ್ಲಿ ಅವನು ಅಧಿಕಾರ ಬಿಟ್ಟ, ಲೈಬೀರಿಯಾದ ಯುದ್ಧ ನಿಂತಿತು.

ಹೊರಗಿನವರ ನ್ಯಾಯಾಲಯ ವಸಾಹತುಶಾಹಿಯ ಮುಂದುವರಿಕೆ ಎಂಬ ಇನ್ನೊಂದು ಆಕ್ಷೇಪವನ್ನು, ಬಡೋಲ್ಯೊವನ್ನು ಪಾರುಮಾಡಿದ ಯುರೋಪನ್ನು ನೆನೆದರೆ, ಗೌರವದಿಂದಲೇ ಕೇಳಬೇಕಾಗುತ್ತದೆ. ಆದರೆ ಚಾಡ್‌ನ ಮಾಜಿ ಸರ್ವಾಧಿಕಾರಿ ಹಿಸ್ಸೆನ್ ಹಬ್ರೆಗೆ 2016ರಲ್ಲಿ ಜೀವಾವಧಿ ವಿಧಿಸಿದ ವಿಶೇಷ ನ್ಯಾಯಾಲಯ ಆಫ್ರಿಕನ್ ಒಕ್ಕೂಟ ಮತ್ತು ಸೆನೆಗಲ್ ಸೇರಿ ಡಾಕರ್‌ನಲ್ಲಿ ಕಟ್ಟಿದ್ದು. ಆ ಒಕ್ಕೂಟದ ಕೇಂದ್ರ ಕಚೇರಿ ಇರುವುದು ಅಡಿಸ್ ಅಬಾಬಾದಲ್ಲೇ. ಇಥಿಯೋಪಿಯಾದ ಸಂವಿಧಾನದ 28ನೇ ವಿಧಿಯೂ ಮಾನವತೆಯ ವಿರುದ್ಧದ ಅಪರಾಧಗಳಿಗೆ ಕಾಲಮಿತಿಯಿಲ್ಲ, ಕ್ಷಮಾದಾನವಿಲ್ಲ ಎಂದು 1995ರಿಂದಲೇ ಹೇಳುತ್ತ ಬಂದಿದೆ. ಹೊರಗಿನಿಂದ ಯಾರೂ ಹೊಸ ತತ್ತ್ವವನ್ನು ತಂದು ಹೇರಬೇಕಾಗಿಲ್ಲ. ಅಪರಾಧಿಗಳು ಸಾವಿರಾರು, ನ್ಯಾಯಾಧೀಶರು ಕೆಲವರು ಎಂಬ ಕಷ್ಟ ನಿಜವೇ. ಆದರೆ ಎಲ್ಲ ಸೈನಿಕರನ್ನೂ ಕಟಕಟೆಗೆ ತರಬೇಕಿಲ್ಲ. ಆದೇಶ ಕೊಟ್ಟ ಕೆಲವು ಡಜನ್ ಜನರನ್ನು, ಎಲ್ಲ ಪಕ್ಷಗಳಿಂದಲೂ ಆಯ್ದು ತಂದರೆ ಸಾಕು.

ಇವತ್ತೇ ಅದು ಆಗದಿರಬಹುದು. ಇಥಿಯೋಪಿಯಾ, ಎರಿಟ್ರಿಯಾ ಎರಡೂ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಸದಸ್ಯರಲ್ಲ, ಭದ್ರತಾ ಮಂಡಳಿ ಪ್ರಕರಣವನ್ನು ಅಲ್ಲಿಗೆ ಕಳಿಸುವ ಸಂಭವವೂ ಇಲ್ಲ. ಇವತ್ತು ಆಗಲೇಬೇಕಾದ, ಆಗಬಹುದಾದ ಕೆಲಸ ಸಾಕ್ಷ್ಯವನ್ನು ಉಳಿಸುವುದು. 1978ರಲ್ಲಿ ಗೊಜ್ಜಾಮ್ ಪ್ರಾಂತದಲ್ಲಿ 75 ಯುವ ಕೈದಿಗಳನ್ನು ಇಗರ್ಜಿಯೊಂದರಲ್ಲಿ ಕೊಲ್ಲಿಸಿದ ದೆರ್ಗ್ ಅಧಿಕಾರಿ ಎಶೆಟು ಅಲೆಮು ನೆದರ್‌ಲ್ಯಾಂಡ್ಸಿನಲ್ಲಿ ನೆಲೆಸಿದ್ದ. ಅವನಿಗೆ ಹೇಗ್‌ನ ನ್ಯಾಯಾಲಯ 2017ರಲ್ಲಿ ಜೀವಾವಧಿ ಶಿಕ್ಷೆ ಕೊಡಲು ಸಾಧ್ಯವಾದದ್ದು ಕಾಗದಪತ್ರಗಳೂ ಬದುಕುಳಿದವರ ಮಾತೂ ಮೂವತ್ತೊಂಬತ್ತು ವರ್ಷ ಉಳಿದುಕೊಂಡಿದ್ದರಿಂದ. ಟಿಗ್ರೇ, ಅಮ್ಹಾರ ಮತ್ತು ನೆರೆಯ ಅಫಾರ ಪ್ರಾಂತಗಳ ಆಸ್ಪತ್ರೆಗಳ ದಾಖಲೆಗಳು, ಇಗರ್ಜಿಗಳ ಸಮಾಧಿ ಪಟ್ಟಿಗಳು, ಅತ್ಯಾಚಾರಕ್ಕೆ ಒಳಗಾದ ಸಾವಿರಾರು ಹೆಂಗಸರ ಹೇಳಿಕೆಗಳು ಈಗ ಚದುರಿಹೋಗಿವೆ. ಇನ್ನೊಂದು ಯುದ್ಧ ಬಂದರೆ ಸುಟ್ಟೇ ಹೋಗುತ್ತವೆ. ಅವನ್ನು ಸಂಗ್ರಹಿಸಿ, ಪರಿಶೀಲಿಸಿ, ಮುಂದಿನ ಮೊಕದ್ದಮೆಗಾಗಿ ಕಾಪಿಡುವ ಸ್ವತಂತ್ರ ವ್ಯವಸ್ಥೆಯೊಂದನ್ನು ಎಲ್ಲ ಪಕ್ಷಗಳ ಅಪರಾಧಗಳಿಗೂ ಅನ್ವಯವಾಗುವಂತೆ ವಿಶ್ವಸಂಸ್ಥೆ ಸ್ಥಾಪಿಸಬೇಕು. ಸಿರಿಯಾಕ್ಕಾಗಿ 2016ರಲ್ಲಿ, ಮ್ಯಾನ್ಮಾರ್‌ಗಾಗಿ 2018ರಲ್ಲಿ ಅದು ಹಾಗೆ ಮಾಡಿದೆ. ಇಥಿಯೋಪಿಯಾಕ್ಕಾಗಿ ಇನ್ನೂ ಮಾಡಿಲ್ಲ.